‘ಇಂಡೋನೇಷ್ಯಾ’: ಒಂದು ಕಟ್ಟಿದ ಹೆಸರಿನ ಹುಟ್ಟು ಮತ್ತು ಹರವು

1945ರ ಆಗಸ್ಟ್ 17ರ ಬೆಳಗ್ಗೆ ಜಕಾರ್ತದ ಪೆಗಾಂಗ್ಸಾನ್ ತಿಮುರ್ ಬೀದಿಯ 56ನೇ ಸಂಖ್ಯೆಯ ಮನೆಯ ಮುಂದೆ ನಿಂತು ಸ್ವಾತಂತ್ರ್ಯ ಚಳವಳಿಯ ನಾಯಕ ಸುಕಾರ್ನೊ ಓದಿದ ಸ್ವಾತಂತ್ರ್ಯ ಘೋಷಣೆಯಲ್ಲಿ ಇದ್ದದ್ದು ಎರಡೇ ವಾಕ್ಯ. ಇಂಡೋನೇಷ್ಯಾದ ಜನರಾದ ನಾವು ಇಂಡೋನೇಷ್ಯಾದ ಸ್ವಾತಂತ್ರ್ಯವನ್ನು ಈ ಮೂಲಕ ಘೋಷಿಸುತ್ತೇವೆ ಎಂಬುದು ಮೊದಲನೆಯದರ ತಾತ್ಪರ್ಯ. ಅಧಿಕಾರದ ಹಸ್ತಾಂತರ ಮುಂತಾದ ಕೆಲಸಗಳು ಕ್ರಮವಾಗಿ, ಆದಷ್ಟು ಬೇಗ ನಡೆಯುತ್ತವೆ ಎಂಬುದು ಎರಡನೆಯದು. ಬೆರಳಚ್ಚು ಮಾಡಿದ ಆ ಹಾಳೆಯ ಕೆಳಗೆ ತಾರೀಖು ನಮೂದಾಗಿದೆ: 17ನೇ ದಿನ, 8ನೇ ತಿಂಗಳು, ವರ್ಷ ‘05’. ಅದು ಮುದ್ರಣದೋಷವಲ್ಲ. ಮೂರು ವರ್ಷಗಳಿಂದ ದ್ವೀಪಗಳನ್ನು ಆಳುತ್ತಿದ್ದ ಜಪಾನೀಯರ ಸಾಮ್ರಾಜ್ಯ ಶಕೆಯಲ್ಲಿ ಆಗ 2605ನೇ ವರ್ಷ ನಡೆಯುತ್ತಿತ್ತು. ಅದರ ಕೊನೆಯ ಎರಡು ಅಂಕಿಗಳು ಸ್ವಾತಂತ್ರ್ಯದ ಘೋಷಣೆಯಲ್ಲೂ ಉಳಿದುಕೊಂಡವು.

ನನಗೆ ಆ ಹಾಳೆಯಲ್ಲಿ ವರ್ಷಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು ದೇಶದ ಹೆಸರು. ವರ್ಷದ ಎಣಿಕೆ ಹೇಗೆ ಹೊರಗಿನಿಂದ ಬಂದದ್ದೋ ಹೆಸರೂ ಹಾಗೆಯೇ ಹೊರಗಿನಿಂದ ಬಂದದ್ದು. ಅದರ ಧಾತು ಗ್ರೀಕಿನದು, ಅದನ್ನು ಮೊದಲು ಅಚ್ಚಿಗೆ ಕೊಟ್ಟವನು ಸ್ಕಾಟ್ಲೆಂಡಿನಿಂದ ಬಂದ ಒಬ್ಬ ವಕೀಲ, ಅದು ಅಚ್ಚಾದದ್ದು ಸಿಂಗಪುರದ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ. ಜಪಾನೀ ಶಕೆಯನ್ನು ಹೊಸ ಗಣರಾಜ್ಯ ಬೇಗನೆ ಕಳಚಿ ಹಾಕಿತು. ಹೆಸರನ್ನು ಮಾತ್ರ ತನ್ನದೇ ಎಂದು ಎದೆಗೊತ್ತಿಕೊಂಡಿತು. ಹೀಗೇಕಾಯಿತು ಎಂಬುದೇ ಈ ಉಪನ್ಯಾಸದ ವಿಷಯ.

ಮೊದಲು ‘ಕಟ್ಟಿದ ಹೆಸರು’ ಎಂಬ ಮಾತನ್ನು ಸ್ವಲ್ಪ ಸ್ಪಷ್ಟಪಡಿಸಬೇಕು. ಹಾಗೆ ನೋಡಿದರೆ ಯಾವ ಸ್ಥಳನಾಮವೂ ನೆಲದಿಂದ ತಾನಾಗಿ ಮೊಳೆತದ್ದಲ್ಲ, ಎಲ್ಲವೂ ಮನುಷ್ಯರ ಬಾಯಿಂದಲೇ ಬಂದವು. ಆದರೆ ಬಹುಪಾಲು ಊರುಗಳ, ನಾಡುಗಳ ಹೆಸರು ಹೊಳೆ, ಗುಡ್ಡ, ಮರ, ಕುಲ, ದೈವ ಇವುಗಳನ್ನು ಹಿಡಿದು ತಲೆಮಾರುಗಳ ಬಳಕೆಯಲ್ಲಿ ಸವೆದು ರೂಪುಗೊಂಡಿರುತ್ತದೆ. ಇಂಥ ದಿನ ಇಂಥವರು ಇಟ್ಟರು ಎಂದು ಬೆರಳಿಟ್ಟು ತೋರಿಸಲು ಬರುವುದಿಲ್ಲ. ಅಪರೂಪಕ್ಕೆ ಕೆಲವು ಹೆಸರುಗಳಿಗೆ ಜನ್ಮಪತ್ರಿಕೆ ಇರುತ್ತದೆ: ವರ್ಷ, ಪತ್ರಿಕೆ, ಲೇಖಕ ಎಲ್ಲವೂ ಗೊತ್ತಿರುತ್ತದೆ. ‘ಇಂಡೋನೇಷ್ಯಾ’ ಆ ಜಾತಿಯದು. ಹದಿನೇಳು ಸಾವಿರಕ್ಕೂ ಹೆಚ್ಚು ದ್ವೀಪಗಳು, ಏಳುನೂರಕ್ಕೂ ಹೆಚ್ಚು ಭಾಷೆಗಳು ಇರುವ ಒಂದು ವಿಸ್ತಾರವಾದ ದೇಶಕ್ಕೆ ಹೀಗೆ ಕಾಗದದ ಮೇಲೆ ಹುಟ್ಟಿದ ಹೆಸರು ಅಂಟಿಕೊಂಡಿತು ಎಂಬುದು ಸಣ್ಣ ಸಂಗತಿಯಲ್ಲ.

ಆ ದ್ವೀಪಗಳಿಗೆ ಹಿಂದೆ ಹೆಸರೇ ಇರಲಿಲ್ಲವೆಂದಲ್ಲ. ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಸೀತೆಯನ್ನು ಹುಡುಕಲು ಹೊರಟ ಕಪಿಗಳಿಗೆ ಸುಗ್ರೀವ ಹೇಳುವ ಸ್ಥಳಗಳಲ್ಲಿ ಯವದ್ವೀಪವೂ ಒಂದು. ಕಾಳಿದಾಸನ ರಘುವಂಶದ ಆರನೆಯ ಸರ್ಗದಲ್ಲಿ, ಇಂದುಮತಿಯ ಸ್ವಯಂವರದ ಸಂದರ್ಭದಲ್ಲಿ, ಕಳಿಂಗದ ಅರಸನನ್ನು ವರ್ಣಿಸುವಾಗ ‘ದ್ವೀಪಾಂತರ’ದಿಂದ ಲವಂಗದ ಹೂಗಳನ್ನು ಹೊತ್ತು ತರುವ ಕಡಲಗಾಳಿಯ ಮಾತು ಬರುತ್ತದೆ. ಲವಂಗ ಆ ಕಾಲದಲ್ಲಿ ಬೆಳೆಯುತ್ತಿದ್ದದ್ದು ಪೂರ್ವದ ಮಲುಕು ದ್ವೀಪಗಳಲ್ಲಿ. ಹಾಗಾಗಿ ಕವಿಯ ಮನಸ್ಸಿನಲ್ಲಿದ್ದ ದಿಕ್ಕು ಯಾವುದೆಂದು ಊಹಿಸುವುದು ಕಷ್ಟವಲ್ಲ. ಹದಿನಾಲ್ಕನೆಯ ಶತಮಾನದ ಜಾವಾದ ಮಜಪಹಿತ್ ಸಾಮ್ರಾಜ್ಯದಲ್ಲಿ ‘ನುಸಾಂತರ’ ಎಂಬ ಪದ ಬಳಕೆಯಲ್ಲಿತ್ತು. ‘ನುಸ’ ಎಂದರೆ ಅಲ್ಲಿನ ಭಾಷೆಯಲ್ಲಿ ದ್ವೀಪ, ‘ಅಂತರ’ ಸಂಸ್ಕೃತದ್ದೇ. ಎಂದರೆ ದ್ವೀಪಾಂತರದ ಅನುವಾದವೇ ಅದು. ಆದರೆ ಇಲ್ಲೊಂದು ತೊಡಕಿದೆ. ಇವೆಲ್ಲ ಒಂದು ಕಡೆ ನಿಂತು ಇನ್ನೊಂದು ಕಡೆಯನ್ನು ಕರೆಯುವ ಹೆಸರುಗಳು. ಭಾರತದಿಂದ ನೋಡಿದಾಗ ಅದು ಬೇರೆ ದ್ವೀಪ. ಜಾವಾದ ಅರಮನೆಯಿಂದ ನೋಡಿದಾಗ ಜಾವಾ ಬಿಟ್ಟು ಉಳಿದದ್ದು ನುಸಾಂತರ. ಸುಮಾತ್ರಾ, ಜಾವಾ, ಬೋರ್ನಿಯೊ, ಸುಲವೇಸಿ, ಮಲುಕು ಎಲ್ಲವನ್ನೂ ಸಮಾನವಾಗಿ ಒಳಗೊಂಡು, ಅಲ್ಲಿನವರೇ ತಮ್ಮನ್ನು ತಾವು ಕರೆದುಕೊಳ್ಳುವ ಒಂದು ಹೆಸರು ಇರಲಿಲ್ಲ. ಅದರ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ.

ಅಗತ್ಯ ಮೊದಲು ಬಿದ್ದದ್ದು ಹೊರಗಿನ ಪಂಡಿತರಿಗೆ. ಜೇಮ್ಸ್ ರಿಚರ್ಡ್ಸನ್ ಲೋಗನ್ ಪಿನಾಂಗ್ ಮತ್ತು ಸಿಂಗಪುರಗಳಲ್ಲಿ ವಕೀಲಿಕೆ ಮಾಡುತ್ತಿದ್ದ ಸ್ಕಾಟ್ಲೆಂಡಿನವನು. 1847ರಲ್ಲಿ ಅವನು ಈ ದ್ವೀಪಸಮೂಹ ಮತ್ತು ಪೂರ್ವ ಏಷ್ಯಾದ ಅಧ್ಯಯನಕ್ಕಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದ. ಭೂಗೋಳ, ಭಾಷೆ, ಜನಜೀವನ, ವ್ಯಾಪಾರ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಅದರ 1850ರ ಸಂಪುಟದಲ್ಲಿ ಜಾರ್ಜ್ ಸ್ಯಾಮ್ಯುಯೆಲ್ ವಿಂಡ್ಸರ್ ಅರ್ಲ್ ಎಂಬ ಇಂಗ್ಲಿಷ್ ಬರಹಗಾರ ಪಪುವಾ, ಆಸ್ಟ್ರೇಲಿಯ ಮತ್ತು ಮಲಯ–ಪಾಲಿನೇಷ್ಯಾ ಜನರ ಲಕ್ಷಣಗಳನ್ನು ಕುರಿತು ಬರೆಯುತ್ತಾ ಒಂದು ಸೂಚನೆ ಮುಂದಿಟ್ಟ. ಈ ದ್ವೀಪಗಳ ಕಂದು ಮೈಬಣ್ಣದ ಜನರಿಗೆ ಪ್ರತ್ಯೇಕವಾದ ಒಂದು ಹೆಸರು ಬೇಕು. ‘ಪಾಲಿನೇಷ್ಯಾ’ ಎಂಬ ಮಾದರಿ ಹೇಗೂ ಇದೆ. ದ್ವೀಪವೆಂಬ ಅರ್ಥದ ಗ್ರೀಕ್ ಪದ ‘ನೇಸೊಸ್’ ಅನ್ನು ಕೊನೆಗೆ ಸೇರಿಸಿದರೆ ‘ಇಂಡುನೇಷ್ಯನ್’ ಅಥವಾ ‘ಮಲಯುನೇಷ್ಯನ್’ ಎಂಬ ಪದ ಸಿಗುತ್ತದೆ. ಹೀಗೆ ಎರಡು ಹೆಸರನ್ನು ಕಟ್ಟಿ, ಅರ್ಲ್ ತಾನೇ ಮೊದಲನೆಯದನ್ನು ತಳ್ಳಿಹಾಕಿದ. ‘ಇಂಡುನೇಷ್ಯನ್’ ಎಂಬುದು ಸಿಂಹಳಕ್ಕೂ ಮಾಲ್ಡೀವ್ಸ್‌ಗೂ ಅಷ್ಟೇ ಚೆನ್ನಾಗಿ ಒಪ್ಪುತ್ತದೆ, ಮಲಯುನೇಷ್ಯನ್ ಆದರೆ ಮಲಯ ಜನರನ್ನು ನೇರವಾಗಿ ಸೂಚಿಸುತ್ತದೆ ಎಂಬುದು ಅವನ ವಾದ. ತರ್ಕದ ದೃಷ್ಟಿಯಿಂದ ಅವನ ಮಾತು ಸರಿಯೇ. ಸಿಂಧೂ ನದಿಯ ಹೆಸರು ಪರ್ಷಿಯನ್ನರ ಬಾಯಲ್ಲಿ ಹಿಂದುವಾಗಿ, ಗ್ರೀಕರ ಬಾಯಲ್ಲಿ ಇಂಡೋಸ್ ಆಗಿ, ಅಲ್ಲಿಂದ ಇಂಡಿಯಾ ಆಗಿ ಹರಡಿತ್ತು. ಆ ನದಿಯಿಂದ ಸಾವಿರಾರು ಮೈಲಿ ದೂರದ ಮಲುಕುವಿಗಿಂತ ಮಾಲ್ಡೀವ್ಸ್‌ಗೇ ಅದರ ಮೇಲೆ ಹೆಚ್ಚಿನ ಹಕ್ಕು.

ಆದರೆ ಅದೇ ಸಂಪುಟದಲ್ಲಿ ಸಂಪಾದಕ ಲೋಗನ್ ತನ್ನದೇ ಲೇಖನ ಬರೆಯುವಾಗ ಅರ್ಲ್ ಎಸೆದ ಪದವನ್ನು ಎತ್ತಿಕೊಂಡ. ಉಕಾರವನ್ನು ಓಕಾರ ಮಾಡಿ ‘ಇಂಡೋನೇಷ್ಯಾ’ ಎಂದು ಬರೆದ. ಅವನು ಕೊಟ್ಟ ಕಾರಣವನ್ನು ಗಮನಿಸಬೇಕು: ಅರ್ಲ್‌ಗೆ ಬೇಕಾದದ್ದು ಜನಾಂಗವನ್ನು ಸೂಚಿಸುವ ಪದ, ನನಗೆ ಬೇಕಾದದ್ದು ಶುದ್ಧ ಭೌಗೋಳಿಕ ಪದ. ‘ಇಂಡಿಯನ್ ಆರ್ಕಿಪೆಲಗೊ’ ಎಂಬ ಉದ್ದನೆಯ ಹೆಸರಿಗೆ ಇದೊಂದು ಚಿಕ್ಕ ಪರ್ಯಾಯ, ಇದರಿಂದ ವಿಶೇಷಣ ಮಾಡುವುದೂ ಸುಲಭ ಎಂಬುದು ಅವನ ಸಮರ್ಥನೆ. ನಿಜವೇ, ‘ಆರ್ಕಿಪೆಲೇಜಿಯನ್’ ಎಂದು ಪುಟಪುಟಕ್ಕೂ ಬರೆಯಬೇಕಾದ ಸಂಪಾದಕನ ಕಷ್ಟ ಸಂಪಾದಕನಿಗೇ ಗೊತ್ತು. ಹೀಗೆ ಒಂದು ದೇಶದ ಹೆಸರು ಯಾವ ದರ್ಶನದಿಂದಲೂ ಬರದೆ ಬರವಣಿಗೆಯ ಅನುಕೂಲಕ್ಕಾಗಿ ಬಂದಿತು. ಆದರೂ ಜನಾಂಗವನ್ನು ಬಿಟ್ಟು ನೆಲವನ್ನು ಹಿಡಿದ ಆ ಒಂದು ಆಯ್ಕೆ ಮುಂದೆ ಬಹಳ ದೂರದ ಪರಿಣಾಮ ಬೀರಿತು ಎಂದು ನನ್ನ ಅಭಿಪ್ರಾಯ. ‘ಮಲಯುನೇಷ್ಯಾ’ ಗೆದ್ದಿದ್ದರೆ ಅದರೊಳಗೆ ಜಾವಾದವನು, ಸುಮಾತ್ರಾದ ಬಟಕ್ ಜನ, ಮಲುಕುವಿನ ಅಂಬೊನ್‌ನವರು ಅತಿಥಿಗಳಾಗಿರುತ್ತಿದ್ದರು. ‘ಇಂಡೋನೇಷ್ಯಾ’ ಯಾವ ಕುಲದ ಹೆಸರೂ ಅಲ್ಲದ ಕಾರಣ ಅದರಲ್ಲಿ ಯಾರೂ ಯಜಮಾನರಲ್ಲ.

ಲೋಗನ್‌ನ ಇಂಡೋನೇಷ್ಯಾ ಇಂದಿನ ದೇಶವಲ್ಲ ಎಂಬುದನ್ನೂ ಹೇಳಬೇಕು. ಅವನು ಅದನ್ನು ನಾಲ್ಕು ಭಾಗ ಮಾಡಿದ್ದ; ಮಲಯ ಪರ್ಯಾಯದ್ವೀಪವೂ ಫಿಲಿಪ್ಪೀನ್ಸೂ ಕೊನೆಗೆ ಇಂದಿನ ತೈವಾನ್ ಕೂಡ ಅದರೊಳಗೆ ಬರುತ್ತಿದ್ದವು. ಡಚ್ಚರ ಆಳ್ವಿಕೆ ಎಲ್ಲಿಗೆ ಮುಗಿಯುತ್ತದೆ, ಇಂಗ್ಲಿಷರದು ಎಲ್ಲಿಂದ ಆರಂಭವಾಗುತ್ತದೆ ಎಂಬ ಲೆಕ್ಕ ಅದರಲ್ಲಿರಲಿಲ್ಲ. ಲೋಗನ್ 1869ರಲ್ಲಿ ತೀರಿಕೊಂಡ. ಪಿನಾಂಗ್‌ನ ನ್ಯಾಯಾಲಯದ ಆವರಣದಲ್ಲಿ ಅವನ ಸ್ಮಾರಕವಿದೆ; ಅದು ಜನರ ಪರವಾಗಿ ವಾದಿಸಿದ ವಕೀಲನಿಗೆ ನಿಂತ ಸ್ಮಾರಕ. ಒಂದು ದೇಶಕ್ಕೆ ಹೆಸರು ಕೊಟ್ಟವನು ಎಂಬ ಕೀರ್ತಿ ಅವನಿಗೆ ಬಹುಕಾಲ ಸಲ್ಲಲೇ ಇಲ್ಲ.

ಅದು ಸಂದದ್ದು ಇನ್ನೊಬ್ಬನಿಗೆ. ಲೋಗನ್‌ನ ನಂತರ ಪದ ವಿದ್ವಾಂಸರ ನಡುವೆ ಮೆಲ್ಲನೆ ತೆವಳಿತು. 1877ರಲ್ಲಿ ಫ್ರಾನ್ಸಿನ ಹಾಮಿ ಎಂಬ ಮಾನವಶಾಸ್ತ್ರಜ್ಞ ‘ಇಂಡೋನೇಷ್ಯನ್’ ಎಂಬುದನ್ನು ಮಲಯರಿಗಿಂತ ಹಿಂದಿನ ಕೆಲವು ಜನಸಮೂಹಗಳಿಗೆ ಮಾತ್ರ ಬಳಸಿ, ಲೋಗನ್ ದೂರ ಮಾಡಿದ್ದ ಜನಾಂಗದ ಅರ್ಥವನ್ನೇ ಮತ್ತೆ ಒಳಗೆ ತಂದ. ಐದಾರು ವರ್ಷಗಳಲ್ಲಿ ಮ್ಯಾಕ್ಸ್‌ವೆಲ್ ಎಂಬ ಇಂಗ್ಲಿಷ್ ಅಧಿಕಾರಿ ಅದನ್ನು ಮರಳಿ ಭೂಗೋಳಕ್ಕೆ ಒಪ್ಪಿಸಿದ. ಆಮೇಲೆ ಬಂದವನು ಬರ್ಲಿನ್‌ನ ಅಡಾಲ್ಫ್ ಬಾಸ್ಟಿಯನ್. ಹಡಗಿನ ವೈದ್ಯನಾಗಿ ಲೋಕ ಸುತ್ತಿ, ಜನಾಂಗಶಾಸ್ತ್ರದ ದೊಡ್ಡ ವಸ್ತುಸಂಗ್ರಹಾಲಯವನ್ನು ಕಟ್ಟಿದ ಅವನು 1884ರಿಂದ 1894ರವರೆಗೆ ಐದು ಸಂಪುಟಗಳಲ್ಲಿ ಈ ದ್ವೀಪಗಳ ಬಗ್ಗೆ ಬರೆದ, ಹೊದಿಕೆಯ ಮೇಲೆ ‘ಇಂಡೋನೇಷ್ಯಾ’ ಎಂದೇ ಹಾಕಿದ. ಬಾಸ್ಟಿಯನ್‌ಗೆ ಯುರೋಪಿನಲ್ಲಿ ಇದ್ದ ಮಾನ್ಯತೆಯಿಂದಾಗಿ ಹೆಸರಿಗೂ ಮಾನ್ಯತೆ ಬಂದಿತು. ಜೊತೆಗೆ ಹೆಸರನ್ನು ಕಟ್ಟಿದವನೇ ಅವನೆಂಬ ತಪ್ಪು ತಿಳಿವಳಿಕೆಯೂ ಬಂದು ಅನೇಕ ಪುಸ್ತಕಗಳಲ್ಲಿ ನೆಲೆಯೂರಿತು. ಪದವನ್ನು ಹುಟ್ಟಿಸಿದವನಿಗಿಂತ ದಪ್ಪ ಪುಸ್ತಕದ ಬೆನ್ನ ಮೇಲೆ ಅದನ್ನು ಅಚ್ಚು ಹಾಕಿಸಿದವನಿಗೆ ಹೆಸರು ಬರುವುದು ವಿದ್ವತ್ತಿನ ಲೋಕದಲ್ಲಿ ಹೊಸದೇನಲ್ಲ.

ದ್ವೀಪಗಳನ್ನು ಆಳುತ್ತಿದ್ದ ಡಚ್ಚರು ಮಾತ್ರ ಇದರಿಂದ ವಿಚಲಿತರಾಗಲಿಲ್ಲ. ಅವರ ಕಡತಗಳಲ್ಲಿ ಅದು ‘ನೆದರ್ಲೆಂಡ್ಸ್ ಇಂಡಿಯಾ’, ಅಥವಾ ಪೂರ್ವ ಇಂಡಿಯಾ, ಅಥವಾ ಬರಿಯ ‘ಇಂಡಿಯೆ’. ಅವರಲ್ಲೇ ಒಬ್ಬ ಬಂಡಾಯಗಾರ ಬರಹಗಾರ, ಮುಲ್ಟಾಟುಲಿ ಎಂಬ ಕಾವ್ಯನಾಮದ ಎಡುವರ್ಡ್ ಡೌವೆಸ್ ಡೆಕ್ಕರ್, ವಸಾಹತು ಆಡಳಿತದ ಸುಲಿಗೆಯನ್ನು ಬಯಲಿಗೆಳೆದ ತನ್ನ 1860ರ ಕಾದಂಬರಿಯಲ್ಲಿ ದ್ವೀಪಗಳಿಗೆ ‘ಇನ್ಸುಲಿಂಡೆ’ ಎಂಬ ಇನ್ನೊಂದು ಹೆಸರನ್ನು ಕಟ್ಟಿದ್ದ. ಲ್ಯಾಟಿನ್ನಿನಲ್ಲಿ ದ್ವೀಪಕ್ಕೆ ‘ಇನ್ಸುಲಾ’ ಎನ್ನುತ್ತಾರೆ. ಸಮಭಾಜಕ ವೃತ್ತವನ್ನು ಪಚ್ಚೆಯ ಒಡ್ಯಾಣದಂತೆ ಸುತ್ತಿಕೊಂಡ ನಾಡು ಎಂಬ ಅವನ ವರ್ಣನೆಯ ಜೊತೆ ಸೇರಿ ಆ ಹೆಸರು ಕಿವಿಗೆ ಬಹಳ ಇಂಪಾಗಿತ್ತು. ಕಿವಿಗೆ ಇಂಪಾದ ಹೆಸರು ಸೋತು, ಪಂಡಿತರ ಒಣ ಹೆಸರು ಗೆದ್ದಿತು ಎಂಬುದು ವಿಚಿತ್ರವಾಗಿ ಕಂಡರೂ ಕಾರಣ ದೂರವಿಲ್ಲ. ‘ಇನ್ಸುಲಿಂಡೆ’ ಡಚ್ ಓದುಗರ ಮಮತೆಯ ಹೆಸರು. ದ್ವೀಪಗಳ ಮೇಲೆ ಮರುಕಪಡುವ ಹೊರಗಿನ ಹೃದಯ ಅದರಲ್ಲಿತ್ತು. ಆಳಿಸಿಕೊಂಡವರಿಗೆ ಮರುಕದ ಹೆಸರು ಬೇಕಾಗಿರಲಿಲ್ಲ.

ಅವರಿಗೆ ‘ಇಂಡೋನೇಷ್ಯಾ’ ಸಿಕ್ಕಿದ್ದು ಎಲ್ಲಿ? ನೆದರ್ಲೆಂಡ್ಸ್‌ನಲ್ಲಿ. ಲೈಡನ್ ವಿಶ್ವವಿದ್ಯಾಲಯದ ಜನಾಂಗಶಾಸ್ತ್ರ, ಭಾಷಾಶಾಸ್ತ್ರ ಮತ್ತು ರೂಢಿಗತ ಕಾನೂನಿನ ವಿದ್ವಾಂಸರು ಈ ಪದವನ್ನು, ಅದಕ್ಕಿಂತ ಹೆಚ್ಚಾಗಿ ‘ಇಂಡೋನೇಷ್ಯನ್’ ಎಂಬ ವಿಶೇಷಣವನ್ನು, ನಿರಪಾಯಕಾರಿ ಪರಿಭಾಷೆಯಾಗಿ ಬಳಸುತ್ತಿದ್ದರು. ಆಳುವವರ ತರಗತಿಯಲ್ಲಿ ಪರಿಭಾಷೆಯಾಗಿದ್ದದ್ದು ಹಿಂದಿನ ಬೆಂಚಿನಲ್ಲಿ ಕುಳಿತ ವಿದ್ಯಾರ್ಥಿಗೆ ಬೇರೆಯೇ ಆಗಿ ಕೇಳಿಸಿತು. ಆ ದ್ವೀಪಗಳಿಂದ ಹೋದ ವಿದ್ಯಾರ್ಥಿಗಳು 1908ರಲ್ಲಿ ಅಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದರು. ಆಗ ಅದರ ಹೆಸರು ‘ಇಂಡಿಯಾ ಸಂಘ’ ಎಂಬ ಅರ್ಥದ್ದು. 1913ರಲ್ಲಿ ಅವರ ನಡುವೆ ಗಡಿಪಾರಾದವರು ಬಂದು ಸೇರಿದರು. ನೆಪೋಲಿಯನ್‌ನಿಂದ ಬಿಡುಗಡೆ ಪಡೆದ ಶತಮಾನೋತ್ಸವವನ್ನು ಡಚ್ಚರು ವಸಾಹತಿನಲ್ಲೂ ಆಚರಿಸಲು ಹೊರಟಾಗ, ನಾನು ಡಚ್ಚನಾಗಿದ್ದರೆ ಅಧೀನ ಜನರ ಮುಂದೆ, ಅದೂ ಅವರಿಂದಲೇ ಹಣ ಎತ್ತಿ, ನನ್ನ ಸ್ವಾತಂತ್ರ್ಯದ ಹಬ್ಬ ಆಚರಿಸುತ್ತಿರಲಿಲ್ಲ ಎಂದು ಸುವಾರ್ದಿ ಸುರ್ಯನಿಂಗ್ರಾತ್ ಬರೆದ ಲೇಖನ ಸರ್ಕಾರವನ್ನು ಕೆರಳಿಸಿತ್ತು. ಮುಂದೆ ಕಿ ಹಜಾರ್ ದೇವಾಂತರ ಎಂದು ಪ್ರಸಿದ್ಧರಾದ ಇವರು ಆ ಗಡಿಪಾರಿನ ವರ್ಷಗಳಲ್ಲಿ ನೆದರ್ಲೆಂಡ್ಸ್‌ನಲ್ಲಿ ನಡೆಸಿದ ಸುದ್ದಿಸಂಸ್ಥೆಯ ಹೆಸರಿನಲ್ಲಿ ‘ಇಂಡೋನೇಷ್ಯಾ’ ಪದವಿತ್ತು. ದ್ವೀಪಗಳ ಮೂಲದವರೊಬ್ಬರು ಈ ಹೆಸರನ್ನು ತಮ್ಮ ಕೆಲಸಕ್ಕೆ ಎತ್ತಿಕೊಂಡ ಮೊದಲ ನಿದರ್ಶನ ಇದೆಂದು ಸಾಮಾನ್ಯವಾಗಿ ಹೇಳುತ್ತಾರೆ.

ನಿಜವಾದ ತಿರುವು 1920ರ ದಶಕದ್ದು. 1922ರಲ್ಲಿ ವಿದ್ಯಾರ್ಥಿ ಸಂಘ ತನ್ನ ಹೆಸರಿನಿಂದ ‘ಇಂಡಿಯಾ’ವನ್ನು ತೆಗೆದು ‘ಇಂಡೋನೇಷ್ಯಾ’ವನ್ನು ಇಟ್ಟಿತು. ಎರಡು ವರ್ಷದ ಬಳಿಕ ಅದರ ಪತ್ರಿಕೆಯ ಹೆಸರೂ ಬದಲಾಗಿ ‘ಇಂಡೋನೇಷ್ಯಾ ಮೆರ್ದೆಕ’ ಎಂದಾಯಿತು. ಮೆರ್ದೆಕ ಎಂದರೆ ಸ್ವತಂತ್ರ. 1925ರಲ್ಲಿ ಡಚ್ ರೂಪವನ್ನೂ ಬಿಟ್ಟು ಸಂಘಕ್ಕೆ ಮಲಯ ಭಾಷೆಯಲ್ಲೇ ‘ಪೆರ್ಹಿಂಪುನನ್ ಇಂಡೋನೇಷ್ಯಾ’ ಎಂದು ಹೆಸರಿಟ್ಟರು. ಮೂರು ವರ್ಷಗಳ ಈ ಮೂರು ಬದಲಾವಣೆಗಳಲ್ಲಿ ಒಂದು ಪರಿಭಾಷೆ ಬೇಡಿಕೆಯಾಗಿ ಮಾರ್ಪಟ್ಟದ್ದನ್ನು ಹೆಜ್ಜೆಹೆಜ್ಜೆಯಾಗಿ ಕಾಣಬಹುದು. 1926ರಿಂದ ಈ ಸಂಘದ ಅಧ್ಯಕ್ಷರಾಗಿದ್ದ ಮೊಹಮ್ಮದ್ ಹಟ್ಟಾ ಅರ್ಥಶಾಸ್ತ್ರ ಓದಲು ಸುಮಾತ್ರಾದಿಂದ ಹೋದವರು. ಅವರ ನಿಲುವು ಸ್ಪಷ್ಟವಾಗಿತ್ತು: ಇಂಡೋನೇಷ್ಯಾ ಎಂಬುದು ತಮ್ಮ ಪಾಲಿಗೆ ಭೂಪಟದ ಮೇಲಿನ ಅಥವಾ ಜನಾಂಗಶಾಸ್ತ್ರದ ಪದವಲ್ಲ, ಮುಂದೆ ಆಗಬೇಕಾದ ಒಂದು ತಾಯ್ನಾಡಿನ ಸಂಕೇತ, ಆದ್ದರಿಂದ ಅದೊಂದು ರಾಜಕೀಯ ಗುರಿ. 1926ರಲ್ಲಿ ಫ್ರಾನ್ಸಿನ ಬಿಯೆರ್‌ವಿಲ್‌ನಲ್ಲಿ ನಡೆದ ಶಾಂತಿ ಸಮ್ಮೇಳನದಲ್ಲಿ ಅವರು ತಮ್ಮ ನಾಡನ್ನು ಈ ಹೆಸರಿನಿಂದಲೇ ಗುರುತಿಸಬೇಕೆಂದು ಪಟ್ಟುಹಿಡಿದರು. 1927ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನ ಸಾಮ್ರಾಜ್ಯಶಾಹಿ ವಿರೋಧಿ ಸಮಾವೇಶಕ್ಕೆ ಹೋದಾಗ ಅಲ್ಲಿ ಜವಾಹರಲಾಲ್ ನೆಹರು ಅವರ ಪರಿಚಯವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಂಧನ. ಮರುವರ್ಷ ಮಾರ್ಚ್‌ನಲ್ಲಿ ಹೇಗ್‌ನ ನ್ಯಾಯಾಲಯದಲ್ಲಿ ವಿಚಾರಣೆ. ಕಟಕಟೆಯಲ್ಲಿ ನಿಂತು ಅವರು ಮಾಡಿದ ದೀರ್ಘ ಪ್ರತಿವಾದದ ಶೀರ್ಷಿಕೆಯೇ ‘ಸ್ವತಂತ್ರ ಇಂಡೋನೇಷ್ಯಾ’. ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು.

ಇತ್ತ ದ್ವೀಪಗಳಲ್ಲಿಯೂ ಹೆಸರು ಹಡಗಿನಿಂದ ಇಳಿದು ನಡೆಯಲಾರಂಭಿಸಿತ್ತು. 1920ರಲ್ಲಿ ‘ಹಿಂದಿಯಾ’ ಎಂಬ ಪದದೊಂದಿಗೆ ಹುಟ್ಟಿದ್ದ ಕಮ್ಯುನಿಸ್ಟ್ ಸಂಘಟನೆ 1924ರಲ್ಲಿ ತನ್ನನ್ನು ಇಂಡೋನೇಷ್ಯಾದ ಪಕ್ಷವೆಂದು ಕರೆದುಕೊಂಡಿತು. 1927ರ ಜುಲೈ 4ರಂದು ಬಂಡುಂಗ್‌ನಲ್ಲಿ ಸುಕಾರ್ನೊ ಮತ್ತು ಗೆಳೆಯರು ಕಟ್ಟಿದ ರಾಷ್ಟ್ರೀಯ ಪಕ್ಷದ ಹೆಸರಿನಲ್ಲೂ ಅದೇ ಪದ. ಹೆಸರಿನ ಹರವಿನಲ್ಲಿ ಪತ್ರಿಕೆಗಳ ಪಾತ್ರವೂ ದೊಡ್ಡದು, ಅದರಲ್ಲೊಂದು ಸ್ವಾರಸ್ಯದ ಕೊಡುಕೊಳ್ಳುವಿಕೆ ಇದೆ. ವಸಾಹತಿನ ಕಾನೂನು ಜನರನ್ನು ಯುರೋಪಿಯನ್ನರು, ಹೊರಗಿನ ಪೌರಸ್ತ್ಯರು, ‘ಇನ್‌ಲಾಂಡರ್’ ಎಂದು ಮೂರು ಬಗೆಯಾಗಿ ವಿಂಗಡಿಸಿತ್ತು. ಇನ್‌ಲಾಂಡರ್ ಎಂದರೆ ನಾಡಿನೊಳಗಿನವನು. ಆದರೆ ಆ ಪದವನ್ನು ಉಚ್ಚರಿಸುವ ಧಾಟಿಯಲ್ಲೇ ತಾತ್ಸಾರವಿರುತ್ತಿತ್ತು. ಚೀನೀ ಮೂಲದವರು ಮಲಯ ಭಾಷೆಯಲ್ಲಿ ನಡೆಸುತ್ತಿದ್ದ ‘ಸಿನ್ ಪೊ’ ಪತ್ರಿಕೆ ಅದನ್ನು ಕೈಬಿಟ್ಟು ‘ಇಂಡೋನೇಷ್ಯಾದವರು’ ಎಂದು ಬರೆಯತೊಡಗಿತು; ಅದಕ್ಕೆ ಪ್ರತಿಯಾಗಿ ಸ್ಥಳೀಯರ ಪತ್ರಿಕೆಗಳು ಚೀನೀಯರನ್ನು ಹೀನಾಯವಾಗಿ ಕೇಳಿಸುತ್ತಿದ್ದ ‘ಚಿನ’ ಪದದ ಬದಲು ‘ತಿಯೊಂಗ್‌ಹೋವ’ ಎಂದು ಕರೆಯಲಾರಂಭಿಸಿದವು ಎಂದು ಅಲ್ಲಿನ ಪತ್ರಿಕಾ ಇತಿಹಾಸದಲ್ಲಿ ನೆನೆಯುತ್ತಾರೆ. ಗೌರವದ ಹೆಸರನ್ನು ಹೀಗೆ ಪರಸ್ಪರ ವಿನಿಮಯ ಮಾಡಿಕೊಂಡ ಉದಾಹರಣೆ ನನಗೆ ಬೇರೆಲ್ಲೂ ಕಂಡಿಲ್ಲ.

ಹೆಸರು ನೆಲದಿಂದ ಜನಕ್ಕೆ, ಜನದಿಂದ ನುಡಿಗೆ ದಾಟಿದ ಬಗೆ ಇನ್ನೂ ಕುತೂಹಲಕರ. 1926ರಲ್ಲಿ ನಡೆದ ಮೊದಲ ಯುವಜನ ಸಮ್ಮೇಳನದಲ್ಲಿ ಮೊಹಮ್ಮದ್ ಯಾಮಿನ್ ಎಂಬ ತರುಣ ಕವಿ ಎಲ್ಲರನ್ನೂ ಕೂಡಿಸುವ ಭಾಷೆಯಾಗಿ ಮಲಯವನ್ನು ಸೂಚಿಸಿದರು. ಸಂಖ್ಯೆಯ ಬಲ ನೋಡಿದರೆ ಜಾವಾದ ಭಾಷೆಯೇ ಮುಂದಿತ್ತು. ಆದರೆ ಮಲಯ ಬಂದರುಗಳ, ಸಂತೆಗಳ, ಪತ್ರಿಕೆಗಳ ನುಡಿಯಾಗಿ ಶತಮಾನಗಳಿಂದ ದ್ವೀಪದಿಂದ ದ್ವೀಪಕ್ಕೆ ಓಡಾಡಿತ್ತು; ಮೇಲಾಗಿ ಅದನ್ನಾಡಲು ಹಿರಿಯ ಕಿರಿಯರ ಅಂತಸ್ತಿಗೆ ತಕ್ಕಂತೆ ಪದಗಳನ್ನೇ ಬದಲಿಸಬೇಕಾದ ಜಾವಾ ಭಾಷೆಯ ಕಟ್ಟುಪಾಡು ಅದಕ್ಕಿರಲಿಲ್ಲ. ಸಮ್ಮೇಳನದ ಇನ್ನೊಬ್ಬ ಮುಂದಾಳು ಮೊಹಮ್ಮದ್ ತಬ್ರಾನಿ ಭಾಷೆಯ ಆಯ್ಕೆಯನ್ನು ಒಪ್ಪಿ ಹೆಸರನ್ನು ಒಪ್ಪಲಿಲ್ಲ. ನೆಲ ಇಂಡೋನೇಷ್ಯಾ, ಜನ ಇಂಡೋನೇಷ್ಯಾ ಎಂದ ಮೇಲೆ ನುಡಿ ಮಾತ್ರ ಮಲಯ ಏಕೆ, ಅದೂ ‘ಬಹಾಸ ಇಂಡೋನೇಷ್ಯಾ’ ಆಗಬೇಕು ಎಂಬುದು ಅವರ ವಾದ. ಬಹಾಸ ಎಂದರೆ ನಮ್ಮ ‘ಭಾಷೆ’ಯೇ. ಹೀಗೆ ಅಲ್ಲಿಯವರೆಗೆ ಯಾರೂ ಆಡಿರದ ಒಂದು ‘ಭಾಷೆ’ ಬರಿಯ ಹೆಸರಿನಿಂದಲೇ ಅಸ್ತಿತ್ವಕ್ಕೆ ಬಂದಿತು.

ಎರಡು ವರ್ಷದ ನಂತರ, 1928ರ ಅಕ್ಟೋಬರ್ 28ರಂದು, ಆಗಿನ ಬಟಾವಿಯಾದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಎರಡನೆಯ ಯುವಜನ ಸಮ್ಮೇಳನದ ಕೊನೆಯ ಅಧಿವೇಶನದಲ್ಲಿ ಮೂರು ಸಾಲಿನ ಪ್ರತಿಜ್ಞೆಯೊಂದನ್ನು ಅಂಗೀಕರಿಸಿದರು. ಒಂದೇ ತಾಯ್ನೆಲ, ಇಂಡೋನೇಷ್ಯಾ; ಒಂದೇ ಜನತೆ, ಇಂಡೋನೇಷ್ಯಾ; ಕೂಡಿಸುವ ಭಾಷೆಯಾಗಿ ಎತ್ತಿಹಿಡಿಯುವುದು ಬಹಾಸ ಇಂಡೋನೇಷ್ಯಾವನ್ನು. ಮೂರನೆಯ ಸಾಲಿನಲ್ಲಿ ‘ಒಂದೇ ಭಾಷೆ’ ಎಂದಿಲ್ಲ ಎಂಬುದನ್ನು ಅವಸರದಲ್ಲಿ ಓದುವವರು ಮರೆಯುತ್ತಾರೆ. ಸಭೆಯಲ್ಲಿದ್ದ ಜಾವಾ, ಸುಂದಾ, ಬಟಕ್, ಅಂಬೊನ್ ತರುಣರು ತಮ್ಮ ಮನೆಮಾತುಗಳನ್ನು ಬಿಟ್ಟುಕೊಡಲು ಬಂದಿರಲಿಲ್ಲ. ಅದೇ ಸಭೆಯಲ್ಲಿ ಸುಪ್ರತ್ಮನ್ ಎಂಬ ಪತ್ರಕರ್ತ ತಾನು ರಚಿಸಿದ ‘ಇಂಡೋನೇಷ್ಯಾ ರಾಯ’ ಗೀತೆಯನ್ನು ಪಿಟೀಲಿನಲ್ಲಿ ನುಡಿಸಿದರು. ಸಭೆಯ ಮೇಲೆ ಪೊಲೀಸರ ಕಣ್ಣಿದ್ದುದರಿಂದ ಸಾಹಿತ್ಯವನ್ನು ಹಾಡದೆ ಬರಿಯ ರಾಗವನ್ನಷ್ಟೇ ನುಡಿಸಿದ್ದು. ಇಂದಿಗೂ ಅದೇ ಅಲ್ಲಿನ ರಾಷ್ಟ್ರಗೀತೆ.

ಡಚ್ಚರ ಪ್ರತಿಕ್ರಿಯೆ ಎರಡು ಬಗೆಯದು. ಒಂದು ವಾದದ್ದು: ಮುಂದೆ ಪ್ರಧಾನಿಯಾಗಿಯೂ ಬಹುಕಾಲ ಆಳಿದ ಹೆಂಡ್ರಿಕಸ್ ಕೊಲೈನ್ ಅವರಂಥವರು ಇಂಡೋನೇಷ್ಯಾದ ಏಕತೆ ಎಂಬುದು ಟೊಳ್ಳು ಕಲ್ಪನೆ, ಆ ದ್ವೀಪಗಳು ಒಂದಾಗಿರುವುದು ಡಚ್ಚರ ವಸಾಹತು ಎಂಬ ಒಂದೇ ಕಾರಣಕ್ಕೆ ಎಂದರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ ಎಂದು ಒಪ್ಪಿಕೊಳ್ಳದೆ ಇತಿಹಾಸ ಬರೆಯಲಾಗದು. ಪೂರ್ವದ ಅಂಬೊನ್‌ಗೂ ಸುಮಾತ್ರಾದ ತುದಿಯ ಅಚೆಹ್ ಪ್ರಾಂತ್ಯಕ್ಕೂ ಸುತ್ತ ಒಂದೇ ಗೆರೆ ಎಳೆದದ್ದು ಡಚ್ ಆಡಳಿತವೇ. ಆದರೆ ಹೆಸರು ಟೊಳ್ಳಾಗಿತ್ತು ಎಂಬುದೇ ಅದರ ಶಕ್ತಿಯೂ ಆಗಿತ್ತು ಎಂಬುದು ಕೊಲೈನ್‌ಗೆ ಹೊಳೆಯಲಿಲ್ಲ. ಹಳೆಯ ಹೆಸರುಗಳಲ್ಲಿ ಹಳೆಯ ಅರಸರು, ಹಳೆಯ ಸೋಲುಗೆಲುವುಗಳು ತುಂಬಿದ್ದವು. ಇದರಲ್ಲಿ ಏನೂ ಇರಲಿಲ್ಲವಾದ್ದರಿಂದ ತುಂಬಲು ಜಾಗವಿತ್ತು. ಎರಡನೆಯ ಪ್ರತಿಕ್ರಿಯೆ ಕಡತದ್ದು: ಪದವನ್ನು ಸರ್ಕಾರಿ ಬಳಕೆಯಿಂದ ದೂರವಿಡುವುದು. 1918ರಲ್ಲಿ ಆರಂಭವಾಗಿದ್ದ, ಹೆಚ್ಚಿನ ಅಧಿಕಾರವೇನೂ ಇಲ್ಲದ ಜನಸಭೆಯಲ್ಲಿ ಮೊಹಮ್ಮದ್ ಹುಸ್ನಿ ಥಮ್ರಿನ್ ಮತ್ತು ಅವರ ಜೊತೆಗಾರರು 1939ರಲ್ಲಿ ‘ಇನ್‌ಲಾಂಡರ್’ ಮುಂತಾದ ಪದಗಳ ಜಾಗದಲ್ಲಿ ‘ಇಂಡೋನೇಷ್ಯಾ’ದ ರೂಪಗಳನ್ನು ಬಳಸಬೇಕೆಂದು ಕೇಳಿದರು. ದೇಶದ ಹೆಸರನ್ನು ಬದಲಿಸಲು ಸರ್ಕಾರ ಒಪ್ಪಲಿಲ್ಲ. ಥಮ್ರಿನ್ 1941ರ ಜನವರಿಯಲ್ಲಿ ಗೃಹಬಂಧನದಲ್ಲಿದ್ದಾಗಲೇ ತೀರಿಕೊಂಡರು.

ಒಂದೇ ವರ್ಷದಲ್ಲಿ ಆ ಸರ್ಕಾರವೇ ಇಲ್ಲವಾಯಿತು. 1942ರಲ್ಲಿ ಜಪಾನೀಯರು ದ್ವೀಪಗಳನ್ನು ಹಿಡಿದ ಮೇಲೆ ಡಚ್ ರಾಣಿ ವಿಲ್ಹೆಲ್ಮಿನಾ ಲಂಡನ್ನಿನಲ್ಲಿ ಆಶ್ರಯ ಪಡೆದಿದ್ದ ಸರ್ಕಾರದ ಪರವಾಗಿ ಆ ವರ್ಷ ಡಿಸೆಂಬರ್ ಮೊದಲ ವಾರದಲ್ಲಿ ರೇಡಿಯೊ ಭಾಷಣ ಮಾಡಿ, ಯುದ್ಧದ ನಂತರ ನೆದರ್ಲೆಂಡ್ಸ್, ಇಂಡೋನೇಷ್ಯಾ, ಸುರಿನಾಮ್ ಮತ್ತು ಕುರಸಾವೊ ಕೂಡಿದ ಒಂದು ಒಕ್ಕೂಟ ಬರುತ್ತದೆಂದು ಹೇಳಿದರು. ಥಮ್ರಿನ್‌ಗೆ ಸಿಗದಿದ್ದ ಪದ, ನಾಡು ಕೈತಪ್ಪಿದ ಮೇಲೆ ಸಿಂಹಾಸನದಿಂದಲೇ ಹೊರಬಂದಿತು. ಜಪಾನೀಯರೇನೂ ಹೆಸರಿನ ಬಗ್ಗೆ ಉದಾರಿಗಳಾಗಿರಲಿಲ್ಲ. ಬಾವುಟ, ಗೀತೆಗಳನ್ನು ಮೊದಲು ನಿಷೇಧಿಸಿದರು; ಜಾವಾ, ಸುಮಾತ್ರಾಗಳನ್ನು ಬೇರೆಬೇರೆ ಸೇನಾಪಡೆಗಳಿಗೂ ಪೂರ್ವದ ದ್ವೀಪಗಳನ್ನು ನೌಕಾಪಡೆಗೂ ವಹಿಸಿ, ಆ ಒಂದು ಗೆರೆಯನ್ನೇ ಅಳಿಸಿದರು. ಸೋಲು ಹತ್ತಿರ ಬಂದಾಗ ಮಾತ್ರ ಸ್ವಾತಂತ್ರ್ಯದ ಸಿದ್ಧತೆಗೆ ಸಮಿತಿಯೊಂದನ್ನು ರಚಿಸಿದರು. 1945ರ ಜುಲೈನಲ್ಲಿ ಆ ಸಮಿತಿಯ ಮುಂದೆ ಬಂದ ಪ್ರಶ್ನೆ ನಮ್ಮ ವಿಷಯದ ಹೊಕ್ಕುಳಿನದು: ಇಂಡೋನೇಷ್ಯಾ ಎಂದರೆ ಎಲ್ಲಿಂದ ಎಲ್ಲಿಯವರೆಗೆ? ಯಾಮಿನ್ ಮಜಪಹಿತ್‌ನ ಕಾಲವನ್ನು ನೆನೆದು ಮಲಯ, ಉತ್ತರ ಬೋರ್ನಿಯೊ, ಪೋರ್ಚುಗೀಸ್ ತಿಮೋರ್, ಪಪುವಾ ಎಲ್ಲವೂ ಬೇಕೆಂದರು. ಹಟ್ಟಾ ಡಚ್ಚರು ಆಳಿದ ನೆಲ ಸಾಕೆಂಬ ಮಿತದ ಕಡೆಗಿದ್ದರು. ಮತಕ್ಕೆ ಹಾಕಿದಾಗ 39 ಮಂದಿ ದೊಡ್ಡ ಇಂಡೋನೇಷ್ಯಾದ ಪರ ನಿಂತರು, 19 ಮಂದಿ ಡಚ್ ವಸಾಹತಿನ ಎಲ್ಲೆಯ ಪರ. ಗೆದ್ದ ಮತ ಕಾಗದದಲ್ಲೇ ಉಳಿದು, ಕಾರ್ಯದಲ್ಲಿ ಆದದ್ದು ಸೋತವರು ಹೇಳಿದಂತೆ. ಲೋಗನ್‌ನ ಭೂಪಟವನ್ನು ಡಚ್ಚರ ಗಡಿ ಕತ್ತರಿಸಿತು.

ಘೋಷಣೆಯ ಮುಂದಿನ ನಾಲ್ಕು ವರ್ಷ ಯುದ್ಧ ಮತ್ತು ಸಂಧಾನದ್ದು. ಅದನ್ನು ಇಲ್ಲಿ ವಿವರಿಸುವುದಿಲ್ಲ. ಹೆಸರಿನ ಮಟ್ಟಿಗೆ ಹೇಳುವುದಾದರೆ, 1948ರಲ್ಲಿ ಡಚ್ ಅಧಿಕಾರದ ಕೆಳಗಿದ್ದ ಅಂಚೆಯವರು ತಮ್ಮ ಹಳೆಯ ಅಂಚೆಚೀಟಿಗಳ ಮೇಲೆ ‘ನೆದರ್ಲೆಂಡ್ಸ್ ಇಂಡಿಯಾ’ ಎಂಬುದನ್ನು ಕಪ್ಪು ಪಟ್ಟಿಯಿಂದ ಮುಚ್ಚಿ ‘ಇಂಡೋನೇಷ್ಯಾ’ ಎಂದು ಮೇಲಚ್ಚು ಹಾಕಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಡಚ್ ಸಂವಿಧಾನಕ್ಕೆ ತಿದ್ದುಪಡಿಯಾಗಿ ಅಲ್ಲಿಯೂ ಪದ ಬದಲಾಯಿತು. ಯಾರ ಸ್ವಾತಂತ್ರ್ಯವನ್ನು ಇನ್ನೂ ಒಪ್ಪಿರಲಿಲ್ಲವೋ ಅವರ ಹೆಸರನ್ನು ಮೊದಲು ಒಪ್ಪಿಕೊಂಡಂತಾಯಿತು. ಡಚ್ ಸೇನೆ ಮತ್ತೆ ದಾಳಿ ಮಾಡಿದಾಗ, 1949ರ ಜನವರಿಯಲ್ಲಿ ನೆಹರು ದೆಹಲಿಯಲ್ಲಿ ಕರೆದ ಏಷ್ಯಾ ದೇಶಗಳ ಸಭೆಯನ್ನು ‘ಇಂಡೋನೇಷ್ಯಾ ಕುರಿತ ಸಮ್ಮೇಳನ’ ಎಂದೇ ಕರೆದರು. ಆ ವರ್ಷ ಡಿಸೆಂಬರ್ 27ರಂದು ಅಧಿಕಾರ ಹಸ್ತಾಂತರವಾಯಿತು.

ಉಪನ್ಯಾಸದ ನಂತರ ಸಭಿಕರೊಬ್ಬರು, ಸೋತ ಹೆಸರುಗಳು ಏನಾದವು ಎಂದು ಕೇಳಿದರು. ಅದನ್ನು ಇಲ್ಲಿ ಸೇರಿಸುತ್ತೇನೆ. ಅರ್ಲ್ ಮೆಚ್ಚಿದ ‘ಮಲಯುನೇಷ್ಯಾ’ ಯಾರ ಬಾಯಲ್ಲೂ ನಿಲ್ಲಲಿಲ್ಲ. ಆದರೆ ಅದರ ದಾಯಾದಿಯಂಥ ಪದವೊಂದು, ಫ್ರೆಂಚ್ ನಾವಿಕ ದ್ಯುಮೋಂ ದ್ಯುರ್ವಿಲ್ 1830ರ ದಶಕದ ಆರಂಭದಲ್ಲಿ ಇದೇ ದ್ವೀಪಗಳಿಗೆ ಹೇಳಿದ್ದ ‘ಮಲೇಸಿ’, ಇಂಗ್ಲಿಷಿನಲ್ಲಿ ‘ಮಲೇಷ್ಯಾ’ ಆಗಿ, 1963ರಲ್ಲಿ ನೆರೆಯ ದೇಶದ ಹೆಸರಾಯಿತು. ‘ಇನ್ಸುಲಿಂಡೆ’ ಹಳೆಯ ಡಚ್ ಪುಸ್ತಕಗಳಲ್ಲಿ ಉಳಿಯಿತು. ‘ನುಸಾಂತರ’ದ ಕಥೆ ಬೇರೆ. ಮುಲ್ಟಾಟುಲಿಯ ವಂಶದವರೇ ಆದ, ರಾಷ್ಟ್ರೀಯವಾದಿ ಎರ್ನೆಸ್ಟ್ ಡೌವೆಸ್ ಡೆಕ್ಕರ್ 1920ರ ದಶಕದಲ್ಲಿ ಅದನ್ನು ದೇಶದ ಹೆಸರಾಗಿ ಮುಂದಿಟ್ಟು, ‘ಹೊರಗಿನ ದ್ವೀಪಗಳು’ ಎಂಬ ಅರ್ಥವನ್ನು ಬಿಡಿಸಿ, ಎರಡು ಖಂಡಗಳ ನಡುವಿನ ದ್ವೀಪಗಳು ಎಂಬ ಹೊಸ ಅರ್ಥ ಹೊಂದಿಸಿದ್ದರು. ಸಂಸ್ಕೃತದ ‘ಅಂತರ’ಕ್ಕೆ ‘ಬೇರೆ’ ಎಂಬ ಅರ್ಥವೂ ‘ನಡುವೆ’ ಎಂಬ ಅರ್ಥವೂ ಇರುವುದರಿಂದ ಅದು ಸಾಧ್ಯವಾಯಿತು. ಆಗ ಅದು ಸೋತಿತು. 2022ರ ಜನವರಿಯಲ್ಲಿ ಇಂಡೋನೇಷ್ಯಾದ ಸಂಸತ್ತು ಜಾವಾದ ಜಕಾರ್ತದಿಂದ ರಾಜಧಾನಿಯನ್ನು ಬೋರ್ನಿಯೊ ದ್ವೀಪದ ಕಾಡಿನ ಅಂಚಿಗೆ ಸಾಗಿಸುವ ಕಾಯ್ದೆಯನ್ನು ಅಂಗೀಕರಿಸಿ, ಕಟ್ಟಲಿರುವ ನಗರಕ್ಕೆ ನುಸಾಂತರ ಎಂದು ಹೆಸರಿಟ್ಟಿತು. ಮಜಪಹಿತ್‌ನ ಆಸ್ಥಾನದಲ್ಲಿ ಆ ಪದಕ್ಕಿದ್ದ ಅರ್ಥವನ್ನೇ ಹಿಡಿದರೂ, ಜಾವಾ ಬಿಟ್ಟು ಉಳಿದ ದ್ವೀಪಗಳೆಂಬ ಅರ್ಥದಲ್ಲಿ, ಹೆಸರು ಸರಿಯಾದ ಜಾಗದಲ್ಲೇ ಇದೆ.